ಕೂತವರ ಅಳತೆಯ ಅಡುಗೆಮನೆ

ಒಂದು ಮೊಬೈಲ್ ಆಟ ನೋಡಿ ಹುಡುಗಿಯೊಬ್ಬಳು ತಾಯಿಗೆ ಬೇರೆ ಅಡುಗೆಮನೆ ಮಾಡಿಸಿಕೊಟ್ಟಳಂತೆ, ಅದರಿಂದ ಮೆಣಸೆ ಊರಿನ ಪಾತ್ರೆ ಬಾಡಿಗೆಯವರ ಮನೆ ಒಡೆಯಿತಂತೆ. ಶೃಂಗೇರಿಯಿಂದ ನರಸಿಂಹರಾಜಪುರದ ತನಕ ಓಡಾಡುತ್ತಿರುವ ಕಥೆ ಇದು. ಆ ಹುಡುಗಿ ನಾನು. ಆಟ ನಿಜ, ಅಡುಗೆಮನೆ ನಿಜ, ನಾನು ಹುಡುಗಿ ಎಂಬುದೂ ನಿಜ. ಉಳಿದದ್ದಕ್ಕೆ ನನ್ನ ಆಕ್ಷೇಪವಿದೆ. ಅಡುಗೆಮನೆ ಮಾಡಿಸಿದ್ದು ಅಮ್ಮನಿಗಲ್ಲ, ದೊಡ್ಡಮ್ಮನಿಗೆ. ಮನೆ ಒಡೆದೂ ಇಲ್ಲ. ಆದರೆ ಈ ಕೊನೆಯ ಮಾತನ್ನು ಈಗೀಗ ಹೇಳುವಾಗ ನನ್ನ ಧ್ವನಿ ನನಗೇ ಅಷ್ಟು ಗಟ್ಟಿಯಾಗಿ ಕೇಳಿಸುವುದಿಲ್ಲ.

ಕಾಲೇಜಿನ ದಿನಗಳೆಲ್ಲ ನಾನು ಚರ್ಚಾಸ್ಪರ್ಧೆಯ ವೇದಿಕೆ ಹತ್ತಿ ಇಳಿದವಳು. ಎದುರಿನವರ ಮಾತಿನಲ್ಲಿ ಬಿರುಕು ಎಲ್ಲಿದೆ ಎಂದು ಬೆರಳಾಡಿಸಿ ನೋಡುವುದು ನನಗೆ ಚಟ. ಈಗ ಕೊಪ್ಪದಲ್ಲಿ ಒಬ್ಬ ವಕೀಲರ ಕೈಕೆಳಗೆ ಕೆಲಸ ಕಲಿಯುತ್ತಿದ್ದೇನೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಮನೆಯಲ್ಲಿ ಯಾರಾದರೂ "ಇವತ್ತು ಸೆಕೆ" ಎಂದರೂ "ಅದಕ್ಕೆ ಆಧಾರ ಎಂತ?" ಎಂದು ಕೇಳುವವಳು ಎಂದು ದೊಡ್ಡಪ್ಪ ಬಂದವರಿಗೆಲ್ಲ ಹೇಳುತ್ತಾನೆ. ಇಷ್ಟೆಲ್ಲ ಇದ್ದೂ ಈ ಒಂದು ಕಥೆಯ ಎದುರು ನನ್ನ ಯಾವ ವಾದವೂ ನಿಲ್ಲುತ್ತಿಲ್ಲ. ಹೇಗೆ ನಿಲ್ಲುತ್ತಿಲ್ಲ ಎಂಬುದನ್ನಾದರೂ ನೆಟ್ಟಗೆ ಬರೆದಿಡುತ್ತೇನೆ.

ಅಪ್ಪ, ದೊಡ್ಡಪ್ಪ ಇಬ್ಬರೂ ಸೇರಿ ನಡೆಸುವುದು ಶಾಮಿಯಾನ ಮತ್ತು ಪಾತ್ರೆ ಬಾಡಿಗೆಯ ವ್ಯವಹಾರ. ಹಾಗಾಗಿ ನಮ್ಮ ಮನೆಯಲ್ಲಿ ಊರಿಗೆಲ್ಲ ಅನ್ನ ಬೇಯುವ ಹಂಡೆ, ಕೊಪ್ಪರಿಗೆ ಸಿಗುತ್ತವೆ. ಒಬ್ಬರಿಗೆ ಹಾಲು ಬಿಸಿ ಮಾಡುವ ಪಾತ್ರೆ ಹುಡುಕಬೇಕು. ಅಡುಗೆಮನೆಯೂ ಹಾಗೆಯೇ, ದೊಡ್ಡದು. ಒಲೆಯಿಂದ ಸಿಂಕಿಗೆ ಹೋಗುವುದೆಂದರೆ ಸಣ್ಣ ಪ್ರಯಾಣ. ಕಟ್ಟೆಯನ್ನು ದೊಡ್ಡಪ್ಪ ತನ್ನ ಎತ್ತರಕ್ಕೆ ಹಿಡಿದು ಕಟ್ಟಿಸಿದ್ದಾನೆ. ಅದರ ಮುಂದೆ ಅವನು ನಿಂತದ್ದು ಮಾತ್ರ ಯಾರೂ ನೋಡಿಲ್ಲ.

ನಿಂತವರು ದೊಡ್ಡಮ್ಮ ಮತ್ತು ಅಮ್ಮ. ದೊಡ್ಡಮ್ಮನಿಗೆ ಮಕ್ಕಳಿಲ್ಲ. ಇದ್ದ ಒಬ್ಬಳು ನನ್ನನ್ನೇ ಇಬ್ಬರೂ ಹಂಚಿಕೊಂಡು ಬೈದು ಬೆಳೆಸಿದರು. ಅಡುಗೆಯಲ್ಲಿ ಹೆಚ್ಚುವುದು, ರುಬ್ಬುವುದು, ಬೇಯಿಸುವುದು, ಒಗ್ಗರಣೆ ಎಲ್ಲ ಅಮ್ಮನದೂ ಆಗಬಹುದು, ದೊಡ್ಡಮ್ಮನದೂ ಆಗಬಹುದು. ಉಪ್ಪು ಮಾತ್ರ ದೊಡ್ಡಮ್ಮನ ಕೈಯದು. ಅಮ್ಮ ಈ ಮನೆಗೆ ಬಂದಾಗಿನಿಂದ ಒಂದು ದಿನವೂ ಸಾರಿಗೆ ಉಪ್ಪು ಹಾಕಿಲ್ಲ. ಎಲ್ಲ ಇಳಿಸುವ ಹೊತ್ತಿಗೆ "ಅಕ್ಕಾ, ಉಪ್ಪು" ಎನ್ನುತ್ತಾಳೆ. ದೊಡ್ಡಮ್ಮ ಎಲ್ಲಿದ್ದರೂ ಬಂದು, ಭರಣಿಗೆ ಕೈ ಹಾಕಿ, ಕಣ್ಣಳತೆಯಲ್ಲಿ ಉದುರಿಸಿ ಹೋಗುತ್ತಾಳೆ. ಇದು ಯಾರೂ ಮಾಡಿದ ಕಾನೂನಲ್ಲ. ನಮ್ಮ ಕಡೆ ಬಹಳ ಮನೆಗಳಲ್ಲಿ ಹಿರಿಯ ಹೆಂಗಸಿನ ಯಜಮಾನಿಕೆ ಹೀಗೆ ಒಂದು ಭರಣಿಯಲ್ಲೋ ಒಂದು ಸೌಟಿನಲ್ಲೋ ಇರುತ್ತದೆ. ನಾನು ಹಿಂದೊಮ್ಮೆ ಇದನ್ನು ಊಳಿಗಮಾನ್ಯ ಪದ್ಧತಿ ಎಂದು ವಾದಿಸಿದ್ದೆ. ಅಮ್ಮ, "ನಿನ್ನ ತಲೆ. ಒಂದು ಕೆಲ್ಸ ಕಡಿಮೆ ನಂಗೆ" ಎಂದಿದ್ದಳು.

ದೊಡ್ಡಮ್ಮನ ಮಂಡಿ ಕೈಕೊಡತೊಡಗಿದ್ದು ಎರಡು ಮಳೆಗಾಲದ ಹಿಂದೆ. ಹೆಚ್ಚು ಹೊತ್ತು ನಿಲ್ಲಬೇಡಿ ಎಂದರು ಡಾಕ್ಟರು. "ನಿಲ್ಲಬೇಡಿ ಅಂದ್ರೆ ಎಂತ, ಮಲ್ಕಂಡು ಅನ್ನ ಮಾಡ್ಲಾ?" ಎಂದು ಅವರನ್ನೇ ಕೇಳಿ ಬಂದಳು. ಆದರೂ ಸಂಜೆಗಳಲ್ಲಿ ಜಗಲಿಯ ಮೇಲೆ ಕಾಲು ಚಾಚಿ, ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂರಲೇಬೇಕಾಗುತ್ತಿತ್ತು. ಹಾಗೆ ಕೂತಾಗ ನನ್ನ ಫೋನಿನೊಳಗೆ ಇಣುಕಿದಳು.

"ಎಂಥ ಆಟನೇ ಅದು?"

"ಅಡುಗೆ ಮಾಡೋ ಆಟ."

"ಮನೇಲಿ ಮಾಡಿದ್ದು ಸಾಕಾಗ್ಲಿಲ್ವಾ ನಿಂಗೆ? ಅಲ್ಲ, ನೀನೆಲ್ಲಿ ಮಾಡ್ತೀಯ!"

ಆಟ ತೀರಾ ಸರಳ. ಕಾಡಿನ ಅಂಚಿನಲ್ಲಿ ಒಂದು ಮುದಿ ಕಪ್ಪೆ ಪುಟ್ಟ ಅಡುಗೆಮನೆ ಇಟ್ಟುಕೊಂಡಿದೆ. ದಾರಿಹೋಕ ಪ್ರಾಣಿಗಳು ಬಂದು ಕೂರುತ್ತವೆ, ಅದು ಏನಾದರೂ ಬೇಯಿಸಿ ಕೊಡುತ್ತದೆ. ಅವು ಒಂದು ಎಲೆಯನ್ನೋ ಕಾಯನ್ನೋ ಇಟ್ಟು ಹೋಗುತ್ತವೆ. ಅದರಿಂದ ಕಪ್ಪೆ ಒಂದು ಕಪಾಟು, ಒಂದು ಪರದೆ ಹೀಗೆ ಅಡುಗೆಮನೆಯನ್ನು ಸಿಂಗರಿಸುತ್ತದೆ. ಗಡಿಯಾರ ಇಲ್ಲ, ಅವಸರ ಇಲ್ಲ, ಸೋಲು ಎಂಬುದೇ ಇಲ್ಲ. ಸೋಲಿಲ್ಲದ ಕಡೆ ಗೆಲುವಿಗೆ ಅರ್ಥ ಎಂತ ಎಂದು ನಾನು ಅದನ್ನು ಬಿಟ್ಟುಬಿಡುವವಳಿದ್ದೆ. ದೊಡ್ಡಮ್ಮ ಬಿಡಲಿಲ್ಲ. ಅದಕ್ಕೆ ಕಪ್ಪೆಯಜ್ಜಿ ಎಂದು ಹೆಸರಿಟ್ಟಳು. ಸಂಜೆಯಾದರೆ, "ಕೊಡೆ ಇಲ್ಲಿ, ಕಪ್ಪೆಯಜ್ಜಿ ಒಲೆ ಹಚ್ಚಿದಾಳಾ ನೋಡಣ" ಎಂದು ಕೈ ಚಾಚುತ್ತಿದ್ದಳು. ನರಿ ಬಂದು ಕೂತರೆ, "ಇದಕ್ಕೆ ಬಡಿಸಬೇಡ, ನಾಳೆ ಕೋಳಿಗೂಡಿಗೆ ಬರ್ತದೆ" ಎನ್ನುತ್ತಿದ್ದಳು. ಬೇಡವೆಂದು ಹೇಳಿ ತಾನೇ ಬಡಿಸುತ್ತಿದ್ದಳು.

ಒಂದು ದಿನ ಫೋನಿನ ಪರದೆಯನ್ನು ಕಣ್ಣ ಹತ್ತಿರ ಹಿಡಿದು, "ನೋಡಿದ್ಯನೇ, ಇವಳು ಏಳೋದೇ ಇಲ್ಲ!" ಎಂದಳು. ನಾನು ಗಮನಿಸಿರಲಿಲ್ಲ. ನಿಜವಾಗಿಯೂ ಕಪ್ಪೆ ಒಂದು ಸ್ಟೂಲಿನ ಮೇಲೆ ಕೂತೇ ಎಲ್ಲ ಮಾಡುತ್ತಿತ್ತು. ಒಲೆ, ನೀರು, ಕಪಾಟು, ದುಂಡು ಕಿಟಕಿ, ಎಲ್ಲ ಅದರ ಸುತ್ತ ಕೈಯಳತೆಯಲ್ಲಿ.

"ಇಷ್ಟೇ ಇಷ್ಟು ಜಾಗ. ಎಲ್ಲ ಕೈಗೆ ಸಿಗ್ತದೆ" ಎಂದು, ಅಮ್ಮ ಬಟ್ಟೆ ಮಡಿಸುತ್ತಿದ್ದ ಕಡೆ ನೋಡಿ ಹೇಳಿದಳು: "ಇಂಥದ್ದೊಂದು ನಂಗೂ ಇದ್ರೆ ಇನ್ನೊಂದಷ್ಟು ವರ್ಷ ನಾನೇ ಮಾಡಿ ಹಾಕ್ತಿದ್ದೆ ನಿಮ್ಗೆಲ್ಲ."

ಅಮ್ಮ ಮಡಿಸುವುದನ್ನು ನಿಲ್ಲಿಸಿ, "ಪಕ್ಕದ ಚಾಪರ ಸುಮ್ನೆ ಬಿದ್ದಿದೆ ಅಲ್ವಾ ಅಕ್ಕಾ" ಎಂದಳು.

ಇದು ನಡೆದದ್ದು. ನಾನು ಅಲ್ಲಿದ್ದೆ, ಅಮ್ಮ ಅಲ್ಲಿದ್ದಳು, ಹೇಳಿದವಳು ದೊಡ್ಡಮ್ಮ. ಮೂರು ಜನ ಸಾಕ್ಷಿಗಳಿರುವ ಸತ್ಯ ಇಷ್ಟು ಬಡಕಲಾಗುತ್ತದೆ ಎಂದು ನನಗೆ ಯಾವ ತರಗತಿಯಲ್ಲೂ ಕಲಿಸಲಿಲ್ಲ.

ಚಾಪರ ಎಂದರೆ ದೊಡ್ಡ ಅಡುಗೆಮನೆಯ ಪಕ್ಕಕ್ಕೆ ಹೊಂದಿದ, ಅಂಗಳಕ್ಕೆ ಬಾಗಿಲಿರುವ ಒಂದು ಸಣ್ಣ ಕೋಣೆ. ಹರಿದ ಶಾಮಿಯಾನ ಬಟ್ಟೆ, ಮುರಿದ ಗೂಟ ತುಂಬುವ ಜಾಗ. ಅದನ್ನು ಖಾಲಿ ಮಾಡಿಸಿದೆವು. ನಕ್ಷೆ ಮಾಡಿದ್ದು ನಾನು. ನಕ್ಷೆ ಎಂದರೆ ಹೀಗೆ: ಹಲಸಿನ ಹಲಗೆಯ ಒಂದು ಬೆನ್ನಾನಿಕೆಯ ಸ್ಟೂಲು ಮಾಡಿಸಿ, ಅದರ ಮೇಲೆ ದೊಡ್ಡಮ್ಮನನ್ನು ಕೂರಿಸಿ, "ಕೈ ಚಾಚು" ಎಂದೆ. ಅವಳ ಬೆರಳ ತುದಿ ಎಲ್ಲಿ ಮುಟ್ಟಿತೋ ಗೋಡೆಯಲ್ಲಿ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿದೆ. ಮೇಲೆ, ಎಡಕ್ಕೆ, ಬಲಕ್ಕೆ. ಮೊಣಕೈ ಮಡಚಿದರೆ ಬರುವ ಎತ್ತರಕ್ಕೆ ಒಲೆಯ ಕಟ್ಟೆ. ದೊಡ್ಡಮ್ಮ ಬೇಕೆಂದೇ ಕೈಯನ್ನು ಇನ್ನೂ ಉದ್ದ ಮಾಡುತ್ತಿದ್ದಳು.

"ಸುಳ್ಳು ಸಾಕ್ಷಿ ಹೇಳಬೇಡ ದೊಡ್ಡಮ್ಮ" ಎಂದೆ.

"ಜಾಗ ಜಾಸ್ತಿ ಸಿಕ್ಕಿದ್ರೆ ಬಿಡ್ತಾರನೇ ಯಾರಾದ್ರೂ?"

ಅಮ್ಮ ನಗುತ್ತಾ ಬಾಗಿಲಿಗೆ ಒರಗಿದ್ದಳು. ಆ ಮಧ್ಯಾಹ್ನವನ್ನು ನಾನು ಎಷ್ಟು ಸಲ ನೆನೆದಿದ್ದೇನೆಂದರೆ ಈಗ ಅದು ನೆನಪೋ ನಾನೇ ಕಟ್ಟಿದ ವಾದವೋ ಎಂದು ನನಗೇ ಸಂಶಯ ಬರುತ್ತದೆ. ಸೀಮೆಸುಣ್ಣದ ಒಂದು ಗುರುತು ಇನ್ನೂ ಗೋಡೆಯಲ್ಲಿರುವುದರಿಂದ ನೆನಪೇ ಎಂದುಕೊಳ್ಳುತ್ತೇನೆ.

ದುಂಡು ಕಿಟಕಿ ಎಂದಾಗ ಮೇಸ್ತ್ರಿ ಕರಣೆ ಕೆಳಗಿಟ್ಟ. "ರೌಂಡು ಕಿಟಕಿ ಎಲ್ಲಾದ್ರೂ ಉಂಟಾ ಮಾರಾಯ್ತಿ? ಅದಕ್ಕೆ ಚೌಕಟ್ಟು ಎಲ್ಲಿಂದ ತರ್ತಿ?" ಚೌಕಟ್ಟು ಕೊಟ್ಟವನು ದೊಡ್ಡಪ್ಪ. ತಳ ಹೋದ ಒಂದು ಹಳೆಯ ತಾಮ್ರದ ಕೊಪ್ಪರಿಗೆಯ ಕಂಠವನ್ನು ಕತ್ತರಿಸಿ ತಂದು ಗೋಡೆಯಲ್ಲಿ ಕೂರಿಸಿದ. ಪರದೆಗೆ ಶಾಮಿಯಾನದ ಕೆಂಪು ಹಳದಿ ಅಂಚು. ಸೌಟು ನೇತುಹಾಕಲು ಬಡಿಸುವ ಬಕೆಟ್ಟಿನ ಹಿಡಿಗಳು. ನೆಲದಿಂದ ಕಟ್ಟೆಯ ತನಕ ಕೊಪ್ಪದ ಅಂಗಡಿಯಲ್ಲಿ ಉಳಿದುಹೋದ ಬಿಡಿ ಟೈಲುಗಳು, ಒಂದರಂತೆ ಒಂದಿಲ್ಲ. ಅದಕ್ಕೊಂದು ಹಳದಿ ಬಲ್ಬು ಹಚ್ಚಿದಾಗ, ಹರಿದ ಬಟ್ಟೆಯ ಚಾಪರ ಯಾರೋ ನಮಗಾಗಿ ಕಾದುಕೊಂಡು ಕೂತ ಜಾಗದಂತೆ ಕಂಡಿತು. ಇಬ್ಬರು ಆರಾಮಾಗಿ ಕೂರಬಹುದು, ಮೂರನೆಯವರು ಹೊಸ್ತಿಲ ಮೇಲೆ.

ಮೊದಲ ದಿನ ಅಮ್ಮ ಹಾಲಿನ ಪಾತ್ರೆ ಇಟ್ಟಳು, ಹಾಲುಕ್ಕಿಸೋಣ ಎಂದು. ದೊಡ್ಡಮ್ಮ ತಕ್ಷಣ ಪಾತ್ರೆ ಇಳಿಸಿದಳು. "ಬೇಡ. ಹಾಲುಕ್ಕಿಸಿದ್ರೆ ಹೊಸ ಒಲೆ ಹೂಡಿದ ಹಂಗಾಗ್ತದೆ. ಕಾಫಿಗೆ ನೀರಿಡು."

ನಾನು ನಕ್ಕೆ. ಹಾಲಿಗೂ ನೀರಿಗೂ ಒಲೆಗೆ ಏನು ವ್ಯತ್ಯಾಸ ಎಂದೆ. ದೊಡ್ಡಮ್ಮ ಕಾಫಿಪುಡಿಯ ಡಬ್ಬಿಗೆ ಕೈ ಚಾಚಿದಳು. ಊರು ಇದನ್ನು ಬೇರೆ ಒಲೆ ಎಂದು ಎಣಿಸೀತೆಂಬುದು ಅವಳಿಗೆ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ. ಗೊತ್ತಿದ್ದೂ ಅವಳಿಗೆ ಆ ಅಡುಗೆಮನೆ ಬೇಕಿತ್ತು.

ಕೆಲವು ವಾರ ಚೆನ್ನಾಗಿ ಹೋಯಿತು. ಬೆಳಗಿನ ತಿಂಡಿ, ಸಂಜೆಯ ಕಾಫಿ ಅಲ್ಲೇ. ದೊಡ್ಡಮ್ಮ ಸ್ಟೂಲಿನ ಮೇಲೆ, ಅಮ್ಮ ಕೆಳಗೆ ಮಣೆಯ ಮೇಲೆ, ಉಪ್ಪಿನ ಭರಣಿ ದೊಡ್ಡಮ್ಮನ ಬಲಗೈಗೆ. ಮಧ್ಯಾಹ್ನದ ಊಟ ಮಾತ್ರ ಹಳೆಯ ಅಡುಗೆಮನೆಯಲ್ಲಿ, ಕೆಲಸದವರು ಬಂದರೆ ಹೆಚ್ಚು ಜನ ಆಗುತ್ತಿದ್ದುದರಿಂದ. ಅದನ್ನೂ ಸಣ್ಣದಕ್ಕೆ ತರುವ ಮಾತು ನಡೆದಿತ್ತು.

ಆಮೇಲೆ ನಾರ್ವೆಯವರು ಬಂದರು.

ಕೊಪ್ಪದ ಹತ್ತಿರದ ನಾರ್ವೆ ಊರಿನ ಇವರು ದೊಡ್ಡಪ್ಪನ ಹಳೆಯ ಗಿರಾಕಿ. ಮಗಳ ಮದುವೆಗೆ ಪಾತ್ರೆ ಹೇಳಿಹೋಗಲು ಬಂದಿದ್ದರು, ಜೊತೆಗೆ ಮದುವೆಗೆ ಕರೆಯಲು. ನಮ್ಮ ಕಡೆ ಕರೆಯುವುದಕ್ಕೆ ಒಂದು ಲೆಕ್ಕವಿದೆ. ಅದು ಮನೆಗೊಂದು ಅಲ್ಲ, ತಲೆಗೊಂದೂ ಅಲ್ಲ, ಒಲೆಗೊಂದು. ಒಂದು ಒಲೆಯಲ್ಲಿ ಎಷ್ಟು ಜನ ಉಂಡರೂ ಹಿರಿಯ ಹೆಂಗಸಿಗೆ ಕುಂಕುಮ, ಅಕ್ಷತೆ ಕೊಟ್ಟು "ಮನೆಮಂದಿ ಎಲ್ಲ ಬನ್ನಿ" ಎಂದರೆ ಮುಗಿಯಿತು. ಅಣ್ಣತಮ್ಮಂದಿರು ಬೇರೆಯಾಗಿ ಒಂದೇ ಸೂರಿನಡಿ ಎರಡು ಒಲೆ ಹೂಡಿದ್ದರೆ ಎರಡೂ ಒಲೆಯ ಮುಂದೆ ಹೋಗಿ ಕರೆಯಬೇಕು. ಬೇರೆಯಾದವರನ್ನು ಬೇರೆಯಾಗಿ ಕರೆಯದೆ ಇದ್ದರೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಎಷ್ಟೋ ಮನೆಗಳ ನಡುವೆ ಮಾತು ನಿಂತಿರುವುದು ಜಮೀನಿನ ಬೇಲಿಗಲ್ಲ, ಇದಕ್ಕೇ.

ಅವರು ದೊಡ್ಡ ಅಡುಗೆಮನೆಗೆ ಬಂದಾಗ ದೊಡ್ಡಮ್ಮ ಅಲ್ಲಿ ಮಧ್ಯಾಹ್ನದ ಸಾರು ಇಳಿಸುತ್ತಿದ್ದಳು. ಕುಂಕುಮ, ಅಕ್ಷತೆ ಕೊಟ್ಟರು. ಅಮ್ಮ ಅವರಿಗೆಂದೇ ಸಣ್ಣ ಅಡುಗೆಮನೆಯಲ್ಲಿ ಕಾಫಿ ಮಾಡುತ್ತಿದ್ದಳು. ಅವರು ಅಂಗಳಕ್ಕೆ ಇಳಿದು ದುಂಡು ಕಿಟಕಿ ನೋಡಿದರು, ಪರದೆ ನೋಡಿದರು, ಉರಿಯುವ ಒಲೆ ನೋಡಿದರು. ಒಂದು ಕ್ಷಣ ನಿಂತರು. ಆಮೇಲೆ ಮತ್ತೆ ಅಕ್ಷತೆಯ ತಟ್ಟೆ ಹಿಡಿದು ಆ ಬಾಗಿಲಿಗೆ ಹೋಗಿ, "ನಿಮ್ಗೂ ಬೇರೆ ಹೇಳಿದೀನಿ ಮತ್ತೆ, ಬೇಜಾರು ಮಾಡ್ಕೋಬಾರ್ದು, ಎಲ್ಲ ಬರ್ಬೇಕು" ಎಂದರು.

ಅಮ್ಮನ ಒಂದು ಕೈಯಲ್ಲಿ ಸೋಸುವ ಜರಡಿ ಇತ್ತು. ಇನ್ನೊಂದು ಕೈ ಮುಂದೆ ಬಂತು. ಯಾರಾದರೂ ಅಕ್ಷತೆ ನೀಡಿದರೆ ಅವಳ ಕೈ ಹಾಗೆ ಮುಂದೆ ಬಂದೇ ಅಭ್ಯಾಸ. ಕಾಳು ಅಂಗೈಗೆ ಬಿದ್ದವು. ಬಿದ್ದ ಮೇಲೆ ಅವಳಿಗೆ ತಿಳಿಯಿತು. ಅಕ್ಷತೆ ತೆಗೆದುಕೊಂಡರೆ ಕರೆ ಒಪ್ಪಿದಂತೆ. ಹಿಂದೆ ಕೊಡುವ ಕ್ರಮ ಇಲ್ಲ. ದೊಡ್ಡಮ್ಮ ಈಚೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಅವರು ಹೋದ ಮೇಲೆ ಊಟಕ್ಕೆ ಕೂತೆವು. ದೊಡ್ಡಮ್ಮ ಎಂದಿನಂತೆ ಬಡಿಸಿದಳು. ಬಡಿಸುತ್ತಾ, "ಕರೆ ತಗಂಡಾಯ್ತಲ್ಲ" ಎಂದಳು.

"ಕೈ ತಾನಾಗೇ ಮುಂದೆ ಹೋಯ್ತಕ್ಕಾ" ಎಂದಳು ಅಮ್ಮ.

"ಹೋಗ್ತದೆ."

ಅಷ್ಟೇ. ನಾನು ಇದನ್ನು ತಮಾಷೆಯಾಗಿ ತೆಗೆದುಕೊಂಡೆ. "ಎರಡು ಕರೆ ಬಂದ್ರೆ ಎರಡು ಸಲ ಊಟ" ಎಂದೆ. ದೊಡ್ಡಪ್ಪ ನಕ್ಕ. ಅಪ್ಪ ನಗಲಿಲ್ಲ.

ಮದುವೆಯ ದಿನ ಹೊರಡುವಾಗ ಮದುವೆಮನೆಯವರು ಒಲೆಗೊಂದರಂತೆ ಸಿಹಿಯ ಪೊಟ್ಟಣ ಕೊಟ್ಟರು. ದೊಡ್ಡಮ್ಮನಿಗೊಂದು, ಅಮ್ಮನಿಗೊಂದು. ನಮ್ಮ ಒಂದೇ ಗಾಡಿಯಲ್ಲಿ ಎರಡು ಪೊಟ್ಟಣ ಮನೆಗೆ ಬಂದವು. ಪಂಕ್ತಿಯಲ್ಲಿ ಕೂತವರೆಲ್ಲ ಅದನ್ನು ನೋಡಿದ್ದರು. ಮುಂದಿನ ಕರೆ ಬಂದದ್ದು ಎರಡಾಗಿಯೇ, ಅದರ ಮುಂದಿನದೂ. ಪಾತ್ರೆ ಕೇಳಲು ಬಂದವರು ದೊಡ್ಡಪ್ಪನನ್ನು ಬದಿಗೆ ಕರೆದು, "ಈಗ ಹಂಡೆ ಯಾರ ಪಾಲಿಗೆ, ಶಾಮಿಯಾನ ಯಾರ ಪಾಲಿಗೆ? ಯಾರನ್ನ ಕೇಳ್ಬೇಕು ನಾವು?" ಎನ್ನತೊಡಗಿದರು. ಅಣ್ಣತಮ್ಮ ಇಬ್ಬರೂ ಒಂದೇ ಫೋನು, ಒಂದೇ ಗಾಡಿ ಇಟ್ಟುಕೊಂಡು ಅದೇ ವ್ಯವಹಾರ ಮಾಡುತ್ತಿದ್ದರು.

ಒಂದು ಬೆಳಿಗ್ಗೆ ದೊಡ್ಡಮ್ಮ ಸಣ್ಣ ಅಡುಗೆಮನೆಗೆ ಬರಲಿಲ್ಲ. ದೊಡ್ಡದರಲ್ಲೇ ತಿಂಡಿಗೆ ಇಟ್ಟಿದ್ದಳು, ಒಂದು ಕೈಯಲ್ಲಿ ಕಟ್ಟೆಯ ಅಂಚು ಹಿಡಿದು. ಅಮ್ಮ ಓಡಿಹೋಗಿ ಹಿಟ್ಟಿನ ಪಾತ್ರೆಗೆ ಕೈ ಹಾಕಿದಳು.

"ಇರ್ಲಿ. ನಂದು ನಾನು ಮಾಡ್ಕೋತೀನಿ. ನಿಂದು ಅಲ್ಲಿ ಉಂಟಲ್ಲ."

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು, ಸಿಟ್ಟಿನಲ್ಲಿ ತರ್ಕದ ದೋಷಗಳು ಬಹಳ ಇರುತ್ತವೆ. ಅವಳು ಹವಾಮಾನ ಹೇಳಿದಂತೆ ಹೇಳಿದಳು. ಉಪ್ಪಿನ ಭರಣಿಯೂ ದೊಡ್ಡ ಅಡುಗೆಮನೆಗೆ ವಾಪಸು ಬಂದಿತ್ತು.

ಆ ದಿನ ಅಮ್ಮ ಸಣ್ಣ ಅಡುಗೆಮನೆಯಲ್ಲಿ ಸಾರು ಮಾಡಿ, ಅಭ್ಯಾಸದಂತೆ "ಅಕ್ಕಾ, ಉಪ್ಪು" ಎಂದಳು. ಗೋಡೆಯ ಆಚೆ ಪಾತ್ರೆಯ ಸದ್ದು ಒಂದು ಕ್ಷಣ ನಿಂತಿತು. ಆಮೇಲೆ ಮತ್ತೆ ಶುರುವಾಯಿತು. ಅಮ್ಮ ಅಂಗಡಿಯಿಂದ ತಂದ ಪ್ಯಾಕೆಟ್ಟು ಹರಿದು, ಅಂಗೈಯಲ್ಲಿ ಉಪ್ಪು ಸುರಿದುಕೊಂಡು ನನ್ನ ಮುಖ ನೋಡಿದಳು. "ಎಷ್ಟು ಹಾಕ್ಬೇಕೇ?" ಎಂದಳು. ಅಷ್ಟು ವರ್ಷ ಅಡುಗೆ ಮಾಡಿದ ಹೆಂಗಸು. ನನಗೆ ಗೊತ್ತಿದ್ದರೆ ತಾನೇ. ಸಾರು ಬಾಯಿಗಿಡುವಂತಿರಲಿಲ್ಲ. ಅಪ್ಪ ಇಲ್ಲಿ ಉಂಡು, ಆಚೆ ಹೋಗಿ ಅತ್ತಿಗೆಯ ಕೈಯಲ್ಲೂ ಉಂಡು, ಹೀಗೆ ಎರಡು ಕಡೆ ಉಣ್ಣುತ್ತಾ ವಾರದೊಳಗೆ ಹೊಟ್ಟೆ ಕೆಡಿಸಿಕೊಂಡ.

ನಾನು ವಾದಕ್ಕೆ ಇಳಿದೆ. ಮೊದಲು ನಾರ್ವೆಯವರನ್ನು ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಹಿಡಿದೆ.

"ನಾವು ಬೇರೆ ಆಗಿದೀವಿ ಅಂತ ನಿಮ್ಗೆ ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ."

"ಮತ್ತೆ?"

"ಅದನ್ನೆಲ್ಲ ಯಾರಾದ್ರೂ ಬಾಯಿಬಿಟ್ಟು ಹೇಳ್ತಾರಾ ಮಾರಾಯ್ತಿ? ಕಂಡು ತಿಳ್ಕೋಬೇಕು. ನೀನು ಓದಿದವಳು, ನೀನೇ ಹೇಳು. ಬೇರೆ ಆಗದೆ ಇದ್ದೋರನ್ನ ಎರಡು ಸಲ ಕರೆದ್ರೆ ಒಂದು ಕರೆ ಜಾಸ್ತಿ ಆಯ್ತು. ನಷ್ಟ ಎಂತ? ಬೇರೆ ಆದೋರನ್ನ ಕರೀದೆ ಬಿಟ್ಟಿದ್ರೆ ನಿಮ್ಮಮ್ಮ ನಮ್ಮನೆ ಮೆಟ್ಲು ಹತ್ತೋರಾ?"

ಇದರಲ್ಲಿ ನಾನು ಬಿರುಕು ಹುಡುಕಿದೆ. ಇರಲಿಲ್ಲ. ನಾನು ಅವರ ಜಾಗದಲ್ಲಿದ್ದರೂ ಎರಡು ಸಲವೇ ಕರೆಯುತ್ತಿದ್ದೆ. ಯಾರೂ ನಮ್ಮ ಮೇಲೆ ದ್ವೇಷ ಸಾಧಿಸಲಿಲ್ಲ. ಮರ್ಯಾದೆ ಕೊಟ್ಟು ಕೊಟ್ಟೇ ಒಡೆದರು.

ನಮ್ಮ ವಕೀಲರ ಹತ್ತಿರ ಹೇಳಿಕೊಂಡೆ. ಬೇರೆ ಅಡುಗೆ ಮಾಡಿದ ಮಾತ್ರಕ್ಕೆ ಪಾಲಾಯಿತು ಎಂದಾಗುವುದಿಲ್ಲ ಎಂದು ನಾನು ಓದಿದ್ದನ್ನು ಅವರಿಗೇ ಒಪ್ಪಿಸಿದೆ. ಅವರು ಕನ್ನಡಕದ ಮೇಲಿಂದ ನೋಡಿ, "ಸರಿ ಉಂಟು. ಕೋರ್ಟಲ್ಲಿ ಇದನ್ನ ಗೆಲ್ತಿ ನೀನು. ಮದುವೆಮನೆ ಪಂಕ್ತೀಲಿ ಗೆಲ್ಲು ನೋಡಣ" ಎಂದರು.

ನನ್ನ ಹತ್ತಿರ ಇದ್ದದ್ದು ಒಂದೇ ಗಟ್ಟಿ ಸಾಕ್ಷ್ಯ: ಕಟ್ಟೆಯ ಎತ್ತರ. ಆ ಕಟ್ಟೆ ಕೂತವರ ಅಳತೆಯದು. ಅಮ್ಮನ ಮೈಕಟ್ಟಿಗೆ ಆ ಬೆನ್ನಾನಿಕೆಯ ಸ್ಟೂಲು ಹೊಂದುವುದಿಲ್ಲ, ಅವಳಿಗೆ ಕೂತು ಅಡುಗೆ ಮಾಡಿ ಅಭ್ಯಾಸವೂ ಇಲ್ಲ. ಹಾಗಾಗಿ ನಿಂತು, ಸೊಂಟ ಬಗ್ಗಿಸಿ, ಹೊಂಡದಲ್ಲಿ ಏನೋ ಹುಡುಕುವವಳಂತೆ ಸಾರು ಕದಡುತ್ತಾಳೆ. ಗೋಡೆಯ ಆಚೆ ದೊಡ್ಡಮ್ಮ ತನ್ನದಲ್ಲದ ಎತ್ತರದ ಕಟ್ಟೆಯ ಮುಂದೆ ಮಂಡಿ ನೋವಿನಲ್ಲಿ ನಿಂತಿರುತ್ತಾಳೆ. ಇಬ್ಬರೂ ಇನ್ನೊಬ್ಬರ ಅಳತೆಯ ಅಡುಗೆಮನೆಯಲ್ಲಿ. ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೇ?

ಸಿರಿಮನೆಯಿಂದ ಅಪ್ಪನ ಅಕ್ಕ ಬಂದಾಗ ನಾನು ಅವಳನ್ನು ಕೈಹಿಡಿದು ಕರೆದುಕೊಂಡು ಹೋಗಿ ಕಟ್ಟೆ ತೋರಿಸಿದೆ.

"ಅಯ್ಯೋ ಪಾಪ" ಎಂದಳು ಅತ್ತೆ. "ಮೇಸ್ತ್ರಿ ಅಳತೆ ತಪ್ಪಿದಾನೆ."

"ತಪ್ಪಿಲ್ಲ ಅತ್ತೆ. ದೊಡ್ಡಮ್ಮ ಕೂತು ಮಾಡೋಕೆ ಅಂತ ಕಟ್ಟಿಸಿದ್ದು."

"ಹೌದಾ? ಅವಳಿಗೆ ಕಟ್ಟಿಸಿದ್ದಾದ್ರೆ ಅವಳ್ಯಾಕೆ ಅಲ್ಲಿ ನಿಂತ್ಕಂಡು ಒದ್ದಾಡ್ತಿದಾಳೆ?"

ಇದಕ್ಕೆ ಉತ್ತರ ಇದ್ದವಳು ಗೋಡೆಯ ಆಚೆ ಇದ್ದಳು, ಎಲ್ಲ ಕೇಳಿಸಿಕೊಂಡಳು. "ಏ ಇವಳೇ, ಕಾಫಿ ಅಲ್ಲೇ ಕುಡಿದ್ಯಾ, ಇಲ್ಲಿ ಮಾಡ್ಲಾ?" ಎಂದು ಅತ್ತೆಗೆ ಕೂಗಿದಳು. ಅತ್ತೆ ನನ್ನ ಕಡೆ ನೋಡಿ ಹುಬ್ಬೇರಿಸಿದಳು. ನೋಡಿದ್ಯಾ, ಎಂಬಂತೆ. ಹೋಗುವಾಗ ಮೆಲ್ಲಗೆ ಹೇಳಿದಳು: "ಇದ್ದದ್ದು ಇದ್ದ ಹಂಗೆ ಹೇಳಿದ್ರೆ ಎಂತ ಆಗ್ತದೆ ಕೂಸೇ? ಬೇರೆ ಆಗೋದು ಪಾಪ ಅಲ್ಲ. ಮೊಬೈಲು ನೋಡಿ ಮಾಡಿಸಿದೆ ಅಂತ ನಿನ್ನ ಹೆಸರು ಬಂತಲ್ಲ, ಅಷ್ಟೇ ಬೇಜಾರು. ನಾಳೆ ಗಂಡು ನೋಡೋಕೆ ಬರೋರೂ ಕೇಳ್ತಾರೆ."

ನಾನು ಅಮ್ಮನಿಗೆ ಹೇಳಿದೆ, ಒಲೆಯನ್ನೇ ತೆಗೆಸಿಬಿಡೋಣ. ಮತ್ತೆ ಹರಿದ ಬಟ್ಟೆ ತುಂಬೋಣ.

"ತೆಗೆದ್ರೆ? ಜಗಳ ಆಗಿತ್ತು, ಈಗ ರಾಜಿ ಆಯ್ತು ಅಂತಾರೆ. ಇಲ್ಲ, ದೊಡ್ಡವಳು ಗೆದ್ಲು ಅಂತಾರೆ. ಯಾವುದೂ ನಡೀಲೇ ಇಲ್ಲ ಅಂತ ಮಾತ್ರ ಯಾರೂ ಹೇಳಲ್ಲ."

"ಹಂಗಾದ್ರೆ ನೀನೇ ಹೇಳು. ಅಕ್ಕ ಕೇಳಿದ್ದು, ಅಕ್ಕನಿಗೆ ಮಾಡಿಸಿದ್ದು ಅಂತ."

ಅಮ್ಮ ಸೊಂಟಕ್ಕೆ ಕೈಕೊಟ್ಟು ನೆಟ್ಟಗಾದಳು. "ಅದು ಅಕ್ಕನ ಬಾಯಿಂದ ಬರ್ಬೇಕು. ನಾನು ಹೇಳಿದ್ರೆ ಚಾಡಿ ಹೇಳಿದ ಹಂಗಾಗ್ತದೆ. ನಿಂಗೆ ಅರ್ಥ ಆಗಲ್ಲ ಬಿಡು."

ಅರ್ಥವಾಗದೆ ಏನಿಲ್ಲ. ದೊಡ್ಡಮ್ಮ ಬಾಯಿಬಿಟ್ಟರೆ ಎರಡರಲ್ಲಿ ಒಂದು ಹೇಳಬೇಕು. ಬೇರೆ ಒಲೆ ಬೇಕೆಂದವಳು ಹಿರಿಯಳಾದ ತಾನೇ ಎನ್ನಬೇಕು. ಇಲ್ಲವೇ ದೊಡ್ಡ ಒಲೆಯ ಮುಂದೆ ನಿಲ್ಲುವ ಶಕ್ತಿ ತನಗೆ ಇನ್ನಿಲ್ಲ ಎಂದು ಊರೆದುರು ಒಪ್ಪಬೇಕು. ನಿಲ್ಲಲಾಗದವಳ ಕೈಯಲ್ಲಿ ಉಪ್ಪಿನ ಭರಣಿ ಎಷ್ಟು ದಿನ ಇರುತ್ತದೆ? ಹೀಗೆ ನಾನು ಊಹಿಸುತ್ತೇನೆ. ಊಹೆಗೆ ಆಧಾರ ಎಂತ ಎಂದು ಯಾರಾದರೂ ಕೇಳಿದರೆ, ಏನೂ ಇಲ್ಲ. ಅವಳನ್ನೇ ಕೇಳೋಣ ಎಂದು ಸಂಜೆ ಹತ್ತಿರ ಹೋದರೆ ಕೈ ಚಾಚುತ್ತಾಳೆ, ಫೋನು ಕೊಡಬೇಕು.

"ದೊಡ್ಡಮ್ಮ, ನಿನ್ನ ಹತ್ರ ಒಂದು ಮಾತು..."

"ಶ್ಶ್. ಕಪ್ಪೆಯಜ್ಜಿ ಮನೆಗೆ ಇವತ್ತು ನೆಂಟರು ಬಂದಿದಾರೆ."

ಅವಳ ಕಪ್ಪೆಯಜ್ಜಿಯ ಅಡುಗೆಮನೆಯಲ್ಲಿ ಈಗ ಎರಡು ಸ್ಟೂಲುಗಳಿವೆ. ಎರಡನೆಯದು ಯಾರಿಗೆ ಎಂದು ಕೇಳಿದೆ. "ಸುಮ್ನೆ ಇರ್ಲಿ ಅಂತ" ಎಂದಳು. ಫೋನು ನನ್ನ ಕೈಗೆ ಕೊಟ್ಟು, ಗೋಡೆ ಹಿಡಿದು ಎದ್ದು, ರಾತ್ರಿಯ ಅನ್ನಕ್ಕೆ ನೀರಿಡಲು ಹೋದಳು. ಆ ನಡಿಗೆ ನೋಡಿ ನನಗೆ ಅವಳ ಮೇಲಿನ ಸಿಟ್ಟೆಲ್ಲ ಎಲ್ಲಿ ಇಡುವುದೆಂದು ತಿಳಿಯದೆ ಹೋಯಿತು.

ಮೊನ್ನೆ ನರಸಿಂಹರಾಜಪುರದಿಂದ ಗಂಡಹೆಂಡತಿ ಇಬ್ಬರು ಬಂದರು. ಹೊಸ ಮನೆಯ ಗೃಹಪ್ರವೇಶ, ಪಾತ್ರೆಯೂ ಬೇಕು, ಕರೆಯಲೂ ಬೇಕು. ನನಗೆ ರಜೆ, ಮನೆಯಲ್ಲಿದ್ದೆ. ಗಂಡ ಅಂಗಳದಲ್ಲಿ ದೊಡ್ಡಪ್ಪನ ಜೊತೆ ಹಂಡೆ ಬಡಿದು ನೋಡುತ್ತಿದ್ದರು. ಹೆಂಡತಿ ಒಳಗೆ ಬಂದು ದೊಡ್ಡಮ್ಮನಿಗೆ ಕುಂಕುಮ ಕೊಟ್ಟು, ಅಕ್ಷತೆ ಕೊಟ್ಟು, ಮನೆಮಂದಿಯೆಲ್ಲ ಬರಬೇಕೆಂದರು. ಆಮೇಲೆ ತಟ್ಟೆ ಹಿಡಿದುಕೊಂಡೇ ಅಂಗಳದ ಬಾಗಿಲಿನ ಕಡೆ ತಿರುಗಿ, ಮೆಲ್ಲಗೆ, ನೋಯಿಸಬಾರದೆಂಬ ಎಚ್ಚರದಲ್ಲಿ ಕೇಳಿದರು: "ಆಚೆ ಒಲೆಯವರು ಇದಾರಾ? ಅವರ್ಗೂ ಹೇಳ್ಬೇಕಲ್ಲ."

ಬಾಗಿಲಿನಾಚೆ, ಅಂಗಳದಲ್ಲಿ, ದುಂಡು ಕಿಟಕಿಯ ಪಕ್ಕ ಅಮ್ಮ ನಿಂತಿದ್ದಳು. ಕೇಳಿಸಿತ್ತು ಅವಳಿಗೆ. ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದು, ಸೆರಗಿನೊಳಗೆ ಒಂದನ್ನೊಂದು ಹಿಡಿದುಕೊಂಡಳು. ಮತ್ತೆ ತಾವಾಗಿಯೇ ಮುಂದೆ ಹೋಗಬಾರದೆಂದು. ಹಂಡೆ ಬಡಿಯುವ ಸದ್ದು ನಿಂತಿತು. ದೊಡ್ಡಮ್ಮ ಒಂದು ಕೈಯಲ್ಲಿ ಅಕ್ಷತೆ, ಇನ್ನೊಂದು ಕೈಯಲ್ಲಿ ಕಟ್ಟೆಯ ಅಂಚು ಹಿಡಿದು ನಿಂತಿದ್ದಳು. "ಇಲ್ಲಿರೋದು ಒಂದೇ ಒಲೆ" ಎನ್ನುವುದಕ್ಕೆ ಒಂದು ಉಸಿರು ಸಾಕು. ಬಂದವರು ಅವಳ ಮುಖ ನೋಡಿದರು. ಅವಳು ಅಂಗೈಯ ಕಾಳುಗಳನ್ನು ನೋಡುತ್ತಿದ್ದಳು.

ನಾನು ಅವಳಿಗೂ ಬಾಗಿಲಿಗೂ ನಡುವೆ ಹೋಗಿ ನಿಂತೆ.

"ದೊಡ್ಡಮ್ಮ, ನೀನೇ ಹೇಳು ಇವರಿಗೆ. ಆ ಕಟ್ಟೆ ಯಾರು ಕೂತ ಅಳತೆಗೆ ಕಟ್ಟಿಸಿದ್ದು?"